ಹಳೆ 407ರ ಡೋರ್ ಪ್ಯಾಡ್ ಅಲ್ಲಾಡ್ತಿದೆಯಾ? ಸ್ಕ್ರೂ ಆಮೇಲೆ, ಮೊದಲು ತೂತು ನೋಡಿ

ನಮ್ಮ ಮನೆಯಲ್ಲಿ 1997ರ ಒಂದು ಟಾಟಾ 407 ಇದೆ. ತಿಪಟೂರು ಕಡೆ ತೆಂಗಿನಕಾಯಿ, ಕೊಬ್ಬರಿ ಹೊತ್ತು ಹೊತ್ತು ಸವೆದ ಗಾಡಿ. ಎಂಜಿನ್ ಇನ್ನೂ ಗಟ್ಟಿ. ಆದರೆ ಡ್ರೈವರ್ ಕಡೆಯ ಬಾಗಿಲು ಹಾಕಿದಾಗಲೆಲ್ಲ ಖಾಲಿ ಡಬ್ಬ ಉರುಳಿದ ಹಾಗೆ ಸದ್ದು ಬರುತ್ತಿತ್ತು. ಒಳಗಿನ ಡೋರ್ ಪ್ಯಾಡನ್ನು ಹನ್ನೊಂದು ಜಾಗದಲ್ಲಿ ಹಿಡಿಯಬೇಕು, ಹಿಡಿದಿದ್ದು ಐದೇ ಕಡೆ. ಎರಡು ಕಡೆ ಬೈಂಡಿಂಗ್ ವೈರ್ ಸುತ್ತಿದ್ದರು. ಒಂದು ಕಡೆ ಬಡಗಿಯವರು ಹಾಕುವ ಮರದ ಸ್ಕ್ರೂ. ಉಳಿದ ಕಡೆ ಬರೀ ತೂತು.

407 ಮೊದಲು ರಸ್ತೆಗಿಳಿದದ್ದು 1986ರಲ್ಲಿ. ಇಪ್ಪತ್ತೈದು, ಮೂವತ್ತು ವರ್ಷದ ಗಾಡಿಗಳು ನಮ್ಮ ಊರುಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಇಷ್ಟು ವಯಸ್ಸಾದ ಗಾಡಿಯ ಬಾಗಿಲಲ್ಲಿ ಕಂಪನಿ ಹಾಕಿದ್ದು ಯಾವುದು, ಆಮೇಲೆ ಗ್ಯಾರೇಜಿನವರು ಸಿಕ್ಕಿದ್ದು ತುರುಕಿದ್ದು ಯಾವುದು ಅಂತ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಹೇಳಿರುವುದು 407ಕ್ಕೆ ಮಾತ್ರ ಅಲ್ಲ. ರೆಕ್ಸಿನ್ ಸುತ್ತಿದ ಹಾರ್ಡ್‌ಬೋರ್ಡ್ ಪ್ಯಾಡ್ ಇರುವ ಯಾವ ಹಳೆ ಲಾರಿ, ಪಿಕಪ್, ಜೀಪಿಗಾದರೂ ಇದೇ ದಾರಿ.

ಸ್ಕ್ರೂ ಯಾಕೆ ನಿಲ್ಲಲ್ಲ?

ಬಾಗಿಲಿನ ಒಳತಗಡು ಹೆಚ್ಚುಕಮ್ಮಿ ಒಂದು ಮಿ.ಮೀ. ದಪ್ಪ, ಎಷ್ಟೋ ಸಲ ಅದಕ್ಕಿಂತ ತೆಳು. 8 ನಂಬರಿನ ಟ್ಯಾಪಿಂಗ್ ಸ್ಕ್ರೂ, ಅಂದರೆ ತಗಡಿನಲ್ಲಿ ತನ್ನ ಥ್ರೆಡ್ ತಾನೇ ಕೊರೆದುಕೊಳ್ಳುವ ಸ್ಕ್ರೂ, ತಗೊಳ್ಳಿ. ಅದರ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ಅಂತರ 1.4 ಮಿ.ಮೀ. ಅಂದರೆ ತಗಡಿಗೆ ಸಿಗುವುದು ಒಂದು ಸುತ್ತಿಗಿಂತ ಕಡಿಮೆ ಥ್ರೆಡ್. ಸ್ಕ್ರೂ ಅರ್ಧ ಇಂಚಿದ್ದರೂ ಒಂದೂವರೆ ಇಂಚಿದ್ದರೂ ಹಿಡಿತ ಅಷ್ಟೇ. ಉದ್ದ ಜಾಸ್ತಿ ಆದರೆ ಬಲ ಜಾಸ್ತಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ತಗಡಿನಲ್ಲಿ ಅದು ಸುಳ್ಳು.

ಹಾಗೆ ಅಂದುಕೊಂಡವರೊಬ್ಬರು ಒಂದು ಗ್ಯಾರೇಜಿನಲ್ಲಿ ನಮ್ಮ ಗಾಡಿಗೆ ಒಂದು ಇಂಚಿನ ಸ್ಕ್ರೂ ಬಿಗಿದು ಕಳಿಸಿದ್ದರು. ಮನೆಗೆ ಬಂದು ಗ್ಲಾಸ್ ಇಳಿಸಿದೆ. ಒಳಗಿನಿಂದ ಕರ್‌ರ್ ಅಂತ ಸದ್ದು. ಸ್ಕ್ರೂ ತುದಿ ಗ್ಲಾಸಿಗೆ ತಾಗಿ, ಮೇಲಿಂದ ಕೆಳಗೆ ಒಂದು ಗೇಣು ಉದ್ದದ ಗೀರು ಬಿತ್ತು. ರಾತ್ರಿ ಎದುರು ಗಾಡಿಯ ಲೈಟ್ ಬಿದ್ದಾಗ ಆ ಗೀರು ಈಗಲೂ ಹೊಳೆಯುತ್ತದೆ. ಅವತ್ತಿನಿಂದ ಬಾಗಿಲಿಗೆ ಅರ್ಧ ಇಂಚಿಗಿಂತ ಉದ್ದದ ಸ್ಕ್ರೂ ನಾನು ಹಾಕಿಲ್ಲ.

ಪ್ಯಾಡ್ ಬಿಚ್ಚುವುದು

ಮೊದಲು ಗ್ಲಾಸನ್ನು ಪೂರ್ತಿ ಮೇಲಕ್ಕೆ ಏರಿಸಿ. ಇಳಿಸಿದ ಗ್ಲಾಸ್ ಒಳತಗಡಿನ ಹಿಂದೆಯೇ ನಿಂತಿರುತ್ತದೆ. ಆಮೇಲೆ ಡ್ರಿಲ್ ಹಿಡಿದಾಗ ಬಿಟ್ ನೇರ ಅದಕ್ಕೇ ಹೊಡೆಯುತ್ತದೆ. ಬಾಗಿಲಲ್ಲಿ ಸ್ಪೀಕರ್ ಇದ್ದರೆ ಬ್ಯಾಟರಿಯ ಮೈನಸ್ ಕೇಬಲ್ ತೆಗೆದಿಡಿ.

ಗ್ಲಾಸ್ ಹ್ಯಾಂಡಲ್ ಬಿಚ್ಚುವಾಗಲೇ ಅರ್ಧ ಜನ ಪ್ಯಾಡ್ ಹರಿಯುವುದು. ಹ್ಯಾಂಡಲಿನ ನಡುವೆ ಸ್ಕ್ರೂ ಕಂಡರೆ ಸುಲಭ, ಕೆಲವು ಸಲ ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ ಅಷ್ಟೆ. ಸ್ಕ್ರೂ ಕಾಣದಿದ್ದರೆ ಹಿಂದೆ ಕುದುರೆ ಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಅದಕ್ಕೆ ಹಳೆ ಬನಿಯನ್ ತುಂಡು ಸಾಕು. ಬಟ್ಟೆಯನ್ನು ಹ್ಯಾಂಡಲ್ ಮತ್ತು ಪ್ಯಾಡ್ ನಡುವೆ ತೂರಿಸಿ, ಎರಡು ತುದಿ ಹಿಡಿದು, ಶೂ ಪಾಲಿಶ್ ಮಾಡುವ ಹಾಗೆ ಅತ್ತಿತ್ತ ಎಳೆಯಿರಿ. ಬಟ್ಟೆಯ ನೂಲು ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಗೆ ಎಳೆದು ಹಾಕುತ್ತದೆ. ಕ್ಲಿಪ್ ಟಪ್ ಅಂತ ಹಾರುತ್ತದೆ, ಇನ್ನೊಂದು ಕೈ ಅಡ್ಡ ಇಟ್ಟಿರಿ. ಹಾರಿ ಮಣ್ಣಿಗೆ ಬಿದ್ದರೆ ಹುಡುಕೋದೇ ಒಂದು ಮಧ್ಯಾಹ್ನದ ಕೆಲಸ.

ತುಕ್ಕು ಹಿಡಿದ ಸ್ಕ್ರೂಗಳಿಗೆ ಡಬ್ಲ್ಯೂಡಿ-40 ಅಥವಾ ತುಕ್ಕು ಬಿಡಿಸುವ ಬೇರೆ ಎಣ್ಣೆ ಹೊಡೆದು ಟೀ ಕುಡಿದು ಬನ್ನಿ. ಬಂದ ಮೇಲೆ ಸ್ಕ್ರೂಡ್ರೈವರನ್ನು ತಲೆಗೆ ಸರಿಯಾಗಿ ಕೂರಿಸಿ, ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಸಣ್ಣ ಏಟು. ತುಕ್ಕಿನ ಹಿಡಿತ ಸಡಿಲ ಆಗುತ್ತದೆ. ಇಂಥ ಸ್ಕ್ರೂಗೆ ಸಾಮಾನ್ಯವಾಗಿ 2 ನಂಬರಿನ ಸ್ಟಾರ್ ಬೇಕು. ಸಣ್ಣ ಟೆಸ್ಟರ್ ತಗೊಂಡು ತಿರುಗಿಸಿದರೆ ತಲೆ ಸವೆದು ಹೋಗುತ್ತದೆ. ಸವೆದೇ ಹೋಗಿದೆಯಾ? ತಲೆಯನ್ನೇ ಡ್ರಿಲ್ ಮಾಡಿ ಹಾರಿಸಿಬಿಡಿ. ಪ್ಯಾಡ್ ಹೊರಗೆ ಬಂದ ಮೇಲೆ ಉಳಿದ ಮೊಂಡನ್ನು ಇಕ್ಕಳದಲ್ಲಿ ತಿರುಗಿಸಿ ತೆಗೆಯಬಹುದು.

ಪ್ಲಾಸ್ಟಿಕ್ ಕ್ಲಿಪ್ ಇರುವ ಕಡೆ ಪ್ಯಾಡನ್ನು ಹಿಡಿದು ಎಳೆಯಬೇಡಿ. ಅಗಲ ಬಾಯಿಯ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಮೀಟಿ. ಕ್ಲಿಪ್ ಮುರಿದರೆ ಮುರಿಯಲಿ, ಅದಕ್ಕೆ ಹೊಸದು ಸಿಗುತ್ತದೆ. ಬೋರ್ಡ್ ಹರಿದರೆ ಕಷ್ಟ.

ಯಾವ ತೂತಿಗೆ ಯಾವ ಮದ್ದು

ಪ್ಯಾಡ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಒಂದು ಚಾಕ್‌ಪೀಸ್ ತಗೊಂಡು ಪ್ರತಿ ತೂತಿನ ಪಕ್ಕದಲ್ಲೂ ಅದರ ಗತಿ ಏನು ಅಂತ ಬರೆಯಿರಿ. ಗುಂಡಗಿದೆಯೋ, ಉದ್ದಕ್ಕೆ ಎಳೆದಿದೆಯೋ, ಬಿರುಕು ಬಿಟ್ಟಿದೆಯೋ, ಸುತ್ತ ತುಕ್ಕು ತಿಂದಿದೆಯೋ. ಅಳತೆಗೆ ವರ್ನಿಯರ್ ಬೇಕಾಗಿಲ್ಲ. ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಒಂದೊಂದಾಗಿ ತೂತಿಗೆ ಇಟ್ಟು ನೋಡಿ, ಸರಿಯಾಗಿ ಕೂತ ಬಿಟ್ಟಿನ ಸೈಜೇ ತೂತಿನ ಸೈಜು. ಎಲ್ಲಾ ತೂತಿಗೂ ಒಂದೇ ಮದ್ದು ಹಾಕಲು ಹೋಗಬೇಡಿ. ನಮ್ಮ ಬಾಗಿಲೊಂದಕ್ಕೇ ನಾಲ್ಕು ಥರ ರಿಪೇರಿ ಬೇಕಾಯಿತು.

ತೂತು ಗುಂಡಗಿದ್ದು, ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ ಮೊದಲು ಸುತ್ತಿಗೆ ತಗೊಳ್ಳಿ, ಸ್ಕ್ರೂ ಅಲ್ಲ. ಎಳೆದೂ ಎಳೆದೂ ತೂತಿನ ಅಂಚು ಹೊರಗೆ ತುಟಿಯ ಹಾಗೆ ಎದ್ದಿರುತ್ತದೆ. ಹಿಂದಿನಿಂದ ಭಾರವಾದ ಕಬ್ಬಿಣ ಒತ್ತಿ ಹಿಡಿದು ಮುಂದಿನಿಂದ ಮೆಲ್ಲಗೆ ತಟ್ಟಿದರೆ ಅಂಚು ಕೂರುತ್ತದೆ, ತೂತೂ ಕೂದಲೆಳೆಯಷ್ಟು ಕಿರಿದಾಗುತ್ತದೆ. ಎಷ್ಟೋ ಸಲ ಹಳೆ ಸ್ಕ್ರೂವೇ ಹಿಡಿದುಬಿಡುತ್ತದೆ. ಹಿಡಿಯದಿದ್ದರೆ ಒಂದು ಸೈಜ್ ಮೇಲೆ ಹೋಗಿ. 6 ನಂಬರ್ ಅಂದರೆ 3.5 ಮಿ.ಮೀ., 8 ಅಂದರೆ 4.2, 10 ಅಂದರೆ 4.8. ಆದರೆ ಹೀಗೆ ಮೇಲೆ ಹೋಗುವ ಅವಕಾಶ ಒಂದೇ ಸಲ. 10ನ್ನೂ ದಾಟಿ ದಪ್ಪ ಸ್ಕ್ರೂ ಹಾಕಿದರೆ ಅದರ ತಲೆ ರೆಕ್ಸಿನ್ ಮೇಲೆ ಕಜ್ಜಿಯ ಹಾಗೆ ಕಾಣುತ್ತದೆ. ಮುಂದಿನ ಸಲ ರಿಪೇರಿಗೆ ಜಾಗವೂ ಉಳಿಯುವುದಿಲ್ಲ.

ತೂತು ತಗಡಿನ ಅಂಚಿಗೆ ಹತ್ತಿರ ಇದ್ದರೆ ನಿಮ್ಮ ಅದೃಷ್ಟ. ಬಾಗಿಲಿನ ಒಳತಗಡಿನಲ್ಲಿ ಕೈ ಹೋಗುವಷ್ಟು ದೊಡ್ಡ ಕಿಂಡಿಗಳಿರುತ್ತವೆ. ಅದರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತೂತಿದ್ದರೆ ಯು ಆಕಾರದ ಸ್ಪ್ರಿಂಗ್ ನಟ್ ಸಿಕ್ಕಿಸಿ. ತಗಡನ್ನು ಎರಡೂ ಕಡೆಯಿಂದ ಕಚ್ಚಿಕೊಳ್ಳುವ ಸಣ್ಣ ಕ್ಲಿಪ್ ಅದು, ಸ್ಕ್ರೂ ಹಿಡಿಯುವ ಥ್ರೆಡ್ ಅದರಲ್ಲೇ ಇರುತ್ತದೆ. ಹಳೆ ತೂತು ಎಷ್ಟು ಸವೆದಿದ್ದರೂ ಲೆಕ್ಕಕ್ಕಿಲ್ಲ. ತೂತಿನಿಂದ ಅಂಚಿಗೆ ಎಷ್ಟು ದೂರ ಅಂತ ಅಳೆದುಕೊಂಡು ಅಂಗಡಿಗೆ ಹೋಗಿ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ ರಿಪೇರಿ ಇನ್ನೊಂದಿಲ್ಲ.

ತಗಡಿನ ನಡುವೆ, ಕೈ ಹೋಗದ ಕಡೆ ತೂತಿದ್ದರೆ ಎರಡು ದಾರಿ. ಪ್ಯಾಡ್ ಹಿಡಿಯುವಷ್ಟೇ ಕೆಲಸವಾದರೆ ಚೌಕದ ನೈಲಾನ್ ನಟ್ ಸಾಕು. ತೂತನ್ನು ಸಣ್ಣ ಅರದಲ್ಲಿ ಚೌಕ ಮಾಡಿ, ನಟ್ ಒತ್ತಿ ಕೂರಿಸಿ, ಸ್ಕ್ರೂ ಹಾಕಿ. ಸ್ಕ್ರೂ ಒಳಗೆ ಹೋದ ಹಾಗೆ ನೈಲಾನ್ ಹಿಂದೆ ಅರಳಿ ಕಚ್ಚಿಕೊಳ್ಳುತ್ತದೆ. ಇದು ತುಕ್ಕು ಹಿಡಿಯಲ್ಲ, ಗಡಗಡ ಸದ್ದನ್ನೂ ತಗ್ಗಿಸುತ್ತದೆ. ಇನ್ನೂ ಗಟ್ಟಿ ಬೇಕೆಂದರೆ ರಿವೆಟ್ ನಟ್.

ರಿವೆಟ್ ನಟ್ ಹಾಕುವುದು

ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತಪ್ಪಾದರೆ ನಟ್ ತೂತಿನಲ್ಲೇ ಸುತ್ತುತ್ತದೆ, ಬಿಚ್ಚೋಕೂ ಬರಲ್ಲ. ರಿವೆಟ್ ನಟ್ ಅಂದರೆ ಒಂದು ಸಣ್ಣ ಕೊಳವೆ, ಮುಂದೆ ಚಪ್ಪಟೆ ಅಂಚು, ಹಿಂದೆ ಥ್ರೆಡ್. ಆ ಥ್ರೆಡ್ಡಿಗೆ ಬೋಲ್ಟ್ ಹಾಕಿ ಮುಂದಕ್ಕೆ ಎಳೆದಾಗ ಕೊಳವೆಯ ಹೊಟ್ಟೆ ಉಬ್ಬಿ ತಗಡನ್ನು ಒಳಗಿನಿಂದ ತಬ್ಬಿಕೊಳ್ಳುತ್ತದೆ. ಎಂ4, ಅಂದರೆ 4 ಮಿ.ಮೀ. ಬೋಲ್ಟ್ ಹಿಡಿಯುವ ನಟ್ಟಿಗೆ 6 ಮಿ.ಮೀ. ತೂತು, ಎಂ5ಕ್ಕೆ 7, ಎಂ6ಕ್ಕೆ 9. ತೂತು ಅರ್ಧ ಮಿ.ಮೀ. ದೊಡ್ಡದಾದರೂ ಹಿಡಿತ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಸಣ್ಣ ಬಿಟ್‌ನಿಂದ ಶುರು ಮಾಡಿ ಹಂತಹಂತವಾಗಿ ದೊಡ್ಡದು ಮಾಡಿ. ತೆಳು ತಗಡಿನಲ್ಲಿ ದೊಡ್ಡ ಬಿಟ್ ಒಂದೇ ಸಲ ಇಳಿಸಿದರೆ ತೂತು ಗುಂಡಗೆ ಬರಲ್ಲ, ಮೂರು ಮೂಲೆ ಆಗುತ್ತದೆ. ಬಿಟ್‌ಗೆ ತುದಿಯಿಂದ ಒಂದು ಸೆಂಟಿಮೀಟರ್ ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿ. ಟೇಪ್ ತಗಡಿಗೆ ತಾಗಿತು ಅಂದರೆ ನಿಲ್ಲಿಸಿ. ಕಣ್ಣಿಗೆ ಕನ್ನಡಕ ಇರಲಿ, ಸೀಟಿನ ಮಟ್ಟದಲ್ಲಿ ಕೂತು ಡ್ರಿಲ್ ಮಾಡುವಾಗ ಪುಡಿ ಮುಖಕ್ಕೇ ಹಾರುತ್ತದೆ.

ರಿವೆಟ್ ನಟ್ ಗನ್ ಇಲ್ಲ ಅಂತ ಕೈಬಿಡಬೇಡಿ. ಅದೇ ಸೈಜಿನ ಉದ್ದದ ಬೋಲ್ಟಿಗೆ ಒಂದು ನಟ್, ಅದರ ಮುಂದೆ ಎಣ್ಣೆ ಹಚ್ಚಿದ ಎರಡು ವಾಶರ್, ಅದರ ಮುಂದೆ ರಿವೆಟ್ ನಟ್ ಹಾಕಿ ತೂತಿಗೆ ಕೂರಿಸಿ. ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರಿನಲ್ಲಿ ಅಲ್ಲಾಡದ ಹಾಗೆ ಹಿಡಿಯಿರಿ. ಇನ್ನೊಂದು ಸ್ಪ್ಯಾನರಿನಲ್ಲಿ ನಟ್ಟನ್ನು ತಗಡಿನ ಕಡೆಗೆ ಬಿಗಿ ಮಾಡುತ್ತಾ ಹೋಗಿ. ಮೊದಲು ಸಲೀಸಾಗಿ ಹೋಗುತ್ತದೆ, ಆಮೇಲೆ ಬೆಣ್ಣೆ ಒತ್ತಿದ ಹಾಗೆ ಮೆತ್ತಗೆ, ಆಮೇಲೆ ಒಮ್ಮೆಲೇ ಗಟ್ಟಿ. ಆ ಗಟ್ಟಿ ಸಿಕ್ಕ ಕೂಡಲೇ ನಿಲ್ಲಿಸಿ. ಇನ್ನೊಂದು ಕಾಲು ಸುತ್ತು ಅಂತ ಆಸೆ ಪಟ್ಟರೆ ಥ್ರೆಡ್ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ನಟ್ ಸುಲಭವಾಗಿ ಕೂರುತ್ತದೆ ನಿಜ. ಆದರೆ ಮಳೆನೀರು ಇಳಿಯುವ ಬಾಗಿಲಲ್ಲಿ ಕಬ್ಬಿಣದ ಜೊತೆ ಅಲ್ಯೂಮಿನಿಯಂ ಸೇರಿದರೆ ಬೇಗ ತಿಂದುಹೋಗುತ್ತದೆ. ಸತು ಲೇಪದ ಸ್ಟೀಲ್ ನಟ್ಟೇ ಕೇಳಿ ತಗೊಳ್ಳಿ.

ಕೈಹಿಡಿ ಮತ್ತು ಆರ್ಮ್‌ರೆಸ್ಟ್ ಇರುವ ಕಡೆ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಅಲ್ಲಿ ಟ್ಯಾಪಿಂಗ್ ಸ್ಕ್ರೂ ಹಾಕಲೇಬೇಡಿ. ಡ್ರೈವರ್ ಬಾಗಿಲು ಎಳೆಯುವುದು ಅದರಲ್ಲೇ. ಗಾಡಿ ಹತ್ತುವ ಕೂಲಿಯಣ್ಣ ಇಡೀ ಮೈಭಾರ ಬಿಡುವುದೂ ಅದರ ಮೇಲೇ. ಎಂ6 ರಿವೆಟ್ ನಟ್ ಹಾಕಿ, ಇಲ್ಲವಾದರೆ ಕೈ ಹೋಗುವ ಕಡೆ ಹಿಂದೆ ಒಂದು ಪಟ್ಟಿ ಇಟ್ಟು ಬೋಲ್ಟ್ ಹಾಕಿ. ಅದು ಕಿತ್ತು ಬಂದಾಗ ಕೈಯಲ್ಲಿ ಹಿಡಿದವರು ಹಿಂದಕ್ಕೆ ಬೀಳುವುದು ರಸ್ತೆಗೆ.

ತೂತೇ ಉಳಿದಿಲ್ಲದಿದ್ದರೆ

ನಮ್ಮ ಗಾಡಿಯ ಕೆಳಗಿನ ಮೂಲೆಯ ಎರಡು ತೂತುಗಳು ಹೀಗಿದ್ದವು. ಬೆರಳಿಟ್ಟು ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಇಂಥ ಕಡೆ ಎಂ-ಸೀಲ್ ತುಂಬಿ ಸ್ಕ್ರೂ ಹಾಕುವವರಿದ್ದಾರೆ. ತೆಳು ತಗಡಿನ ಅಂಚಿಗೆ ಅದು ಅಂಟಿಕೊಂಡಿರುವುದು ಬಾಗಿಲು ನಾಲ್ಕು ಸಲ ಬಡಿಯುವ ತನಕ. ಬೆಂಕಿಕಡ್ಡಿ ತುರುಕುವ ಉಪಾಯವೂ ಅಷ್ಟೇ, ಮರಕ್ಕೆ ಸರಿ, ತಗಡಿಗೆ ಕೆಲಸಕ್ಕೆ ಬರಲ್ಲ.

ಸರಿಯಾದ ಕೆಲಸ ಅಂದರೆ ತೇಪೆ. ತುಕ್ಕನ್ನು ವೈರ್ ಬ್ರಷ್, ಎಮರಿ ಪೇಪರಿನಲ್ಲಿ ಉಜ್ಜಿ, ಹೊಳೆಯುವ ಗಟ್ಟಿ ತಗಡು ಕಾಣುವವರೆಗೆ ಹೋಗಿ. ಒಂದು ಮಿ.ಮೀ. ಜಿಐ ಶೀಟಿನಿಂದ (ಸತು ಲೇಪದ ತಗಡು) ಸುಮಾರು 25ಕ್ಕೆ 50 ಮಿ.ಮೀ. ತುಂಡು ಕತ್ತರಿಸಿ. ನಾಲ್ಕು ಮೂಲೆ ಅರದಲ್ಲಿ ದುಂಡಗೆ ಮಾಡಿ, ಇಲ್ಲದಿದ್ದರೆ ರೆಕ್ಸಿನ್ ಕುಯ್ಯುತ್ತದೆ. ನಡುವೆ ಸ್ಕ್ರೂಗೆ ತೂತು ಹಾಕಿ, 8 ನಂಬರಿಗೆ 3.2 ಮಿ.ಮೀ. ಬಿಟ್ ಸರಿಹೋಗುತ್ತದೆ. ಎರಡು ತುದಿಗಳಲ್ಲಿ ಪಾಪ್ ರಿವೆಟ್, ಅಂದರೆ ಗನ್ನಿನಲ್ಲಿ ಮುಂದಿನಿಂದಲೇ ಎಳೆದು ಕೂರಿಸುವ ರಿವೆಟ್. 3.2ರ ರಿವೆಟ್‌ಗೆ 3.3ರ ತೂತು. ತೇಪೆಯನ್ನು ಮುಂದಿನಿಂದಲೇ ಹಾಕಬಹುದು, ಒಂದು ಮಿ.ಮೀ. ಉಬ್ಬು ಪ್ಯಾಡಿನ ಹಿಂದೆ ಮುಚ್ಚಿಹೋಗುತ್ತದೆ.

ಒಂದು ಎಚ್ಚರಿಕೆ. ರಿವೆಟ್ ಹೊಡೆಯುವ ಮೊದಲು ಪ್ಯಾಡನ್ನು ಅದರ ಜಾಗದಲ್ಲಿ ಹಿಡಿದು, ಪ್ಯಾಡಿನ ತೂತಿನ ಮೂಲಕ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ನಾನು ಅಂದಾಜಿನಲ್ಲಿ ಹೊಡೆದೆ, ಮೂರು ಮಿ.ಮೀ. ಆಚೆ ಹೋಯಿತು. ರಿವೆಟ್ ಕೆತ್ತಿ ಮತ್ತೆ ಮಾಡಿದೆ.

ವೆಲ್ಡಿಂಗ್ ಮಾಡಿಸಬೇಕೆಂದರೆ ಟಿಂಕರ್ ಹತ್ತಿರ ಹೋಗಿ, ಆದರೆ ಪಕ್ಕದಲ್ಲೇ ನಿಂತಿರಿ. ಗ್ಲಾಸಿಗೂ ಸೀಟಿಗೂ ಒದ್ದೆ ಗೋಣಿಚೀಲ ಹೊದಿಸಲು ಹೇಳಿ. ವೆಲ್ಡಿಂಗ್ ಕಿಡಿ ಗ್ಲಾಸಿಗೆ ಬಿದ್ದರೆ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಏನು ಉಜ್ಜಿದರೂ ಹೋಗಲ್ಲ. ಬ್ಯಾಟರಿ ಕೇಬಲ್ ತೆಗೆಸಿ.

ಎಲ್ಲಾ ಆದ ಮೇಲೆ ಬರಿ ತಗಡು ಕಾಣುವ ಕಡೆಗೆಲ್ಲ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ತೂತಿನ ಒಳ ಅಂಚಿಗೂ ಇಯರ್‌ಬಡ್‌ನಲ್ಲಿ ತಾಗಿಸಿ. ಬಾಗಿಲಿನ ತಳಕ್ಕೆ ಬಿದ್ದ ಡ್ರಿಲ್ ಪುಡಿಯನ್ನು ಆಯಸ್ಕಾಂತದಲ್ಲಿ ಎತ್ತಿ. ಬಿಟ್ಟರೆ ಒಂದೇ ಮಳೆಗಾಲದಲ್ಲಿ ಅದು ತುಕ್ಕಿನ ಕೆಸರಾಗಿ, ನೀರು ಹೊರಗೆ ಹೋಗುವ ಸಣ್ಣ ಕಿಂಡಿಗಳನ್ನು ಮುಚ್ಚುತ್ತದೆ.

ಕ್ಲಿಪ್ಪು ಮತ್ತು ಬೋರ್ಡು

ಕ್ಲಿಪ್ ಕೊಳ್ಳಲು ಹೋಗುವಾಗ ಹಳೆಯದೊಂದನ್ನು, ಮುರಿದಿದ್ದರೂ ಸರಿ, ಜೇಬಿಗೆ ಹಾಕಿಕೊಂಡು ಹೋಗಿ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬರೀ ಬಾಯಲ್ಲಿ ಹೇಳಿದರೆ ಹತ್ತು ಥರ ಮುಂದಿಡುತ್ತಾರೆ. ನೋಡಬೇಕಾದ್ದು ಮೂರು: ತೂತಿಗೆ ಹೋಗುವ ಕಾಲಿನ ದಪ್ಪ, ಕಾಲಿನ ಉದ್ದ, ಬೋರ್ಡಿಗೆ ಸಿಕ್ಕುವ ತಲೆಯ ಅಗಲ. ಬೇಕಾದ್ದಕ್ಕಿಂತ ನಾಲ್ಕೈದು ಜಾಸ್ತಿ ತಗೊಳ್ಳಿ. ತಗಡಿನ ತೂತು ಕ್ಲಿಪ್ಪಿಗಿಂತ ದೊಡ್ಡದಾಗಿದ್ದರೆ ಒಂದು ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಕೂರಿಸಿ, ಅದರೊಳಗೆ ಕ್ಲಿಪ್ ಒತ್ತಿ. ಗಟ್ಟಿಯೂ ಆಗುತ್ತದೆ, ಸದ್ದೂ ಇಲ್ಲ.

ಎಷ್ಟೋ ಸಲ ತಗಡು ಸರಿ ಇದ್ದು ಹಾಳಾಗಿರುವುದು ಬೋರ್ಡೇ. ನೀರು ಕುಡಿದು ಉಬ್ಬಿ, ಕ್ಲಿಪ್ ಸಿಕ್ಕಿಸುವ ಕಿಂಡಿ ಹರಿದಿರುತ್ತದೆ. ಬೋರ್ಡನ್ನು ಎರಡು ದಿನ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಪದರ ಬಿಟ್ಟ ಕಡೆ ನೀರು ತಡೆಯುವ ಅಂಟು ತೂರಿಸಿ, ಎರಡು ಹಲಗೆ ನಡುವೆ ಇಟ್ಟು ಮೇಲೆ ರುಬ್ಬುಕಲ್ಲೋ ಅಕ್ಕಿಮೂಟೆಯೋ ಹೇರಿ. ಹರಿದ ಕಿಂಡಿಗೆ ಮೂರು ಮಿ.ಮೀ. ಪ್ಲೈವುಡ್‌ನಿಂದ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿ, ಹೊಸ ಕಿಂಡಿ ಕೊರೆದು, ಹಿಂದಿನಿಂದ ಅರಾಲ್ಡೈಟ್‌ನಲ್ಲಿ ಅಂಟಿಸಿ. ಐದು ನಿಮಿಷಕ್ಕೆ ಹಿಡಿಯುವುದು ಬೇಡ, ನಿಧಾನದ್ದೇ ಹಾಕಿ, ರಾತ್ರಿಯೆಲ್ಲ ಬಿಡಿ. ದಪ್ಪ ಜಾಸ್ತಿ ಆಗಿ ಕ್ಲಿಪ್ಪಿನ ಕಾಲು ತಗಡಿಗೆ ಮುಟ್ಟದೇ ಹೋಗಬಹುದು, ಅಂಟಿಸುವ ಮೊದಲೇ ಒಮ್ಮೆ ಹಿಡಿದು ನೋಡಿ. ಅರ್ಧಕ್ಕಿಂತ ಜಾಸ್ತಿ ಕಿಂಡಿ ಹೋಗಿದ್ದರೆ ತೇಪೆ ಹಾಕುತ್ತಾ ಕೂರಬೇಡಿ. ಹಳೆಯದನ್ನೇ ಅಚ್ಚು ಇಟ್ಟು ಹೊಸ ಬೋರ್ಡ್ ಕತ್ತರಿಸಿ, ಎರಡೂ ಕಡೆ ವಾರ್ನಿಶ್ ಹೊಡೆದು, ಸೀಟ್ ಹೊಲಿಯುವವರ ಹತ್ತಿರ ರೆಕ್ಸಿನ್ ಹಾಕಿಸಿ.

ಬೋರ್ಡ್ ನೀರು ಕುಡಿಯುವುದು ಯಾಕೆ ಅಂತಲೂ ನೋಡಬೇಕಲ್ವಾ? ಗ್ಲಾಸಿನ ಪಕ್ಕದ ರಬ್ಬರಿನಿಂದ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ತಳದ ಕಿಂಡಿಯಿಂದ ಹೊರಗೆ ಹೋಗಬೇಕು. ಪ್ಯಾಡಿಗೆ ತಾಗದ ಹಾಗೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು. ಹಳೆ ಗಾಡಿಗಳಲ್ಲಿ ಅದನ್ನು ಯಾರೋ ಯಾವತ್ತೋ ಹರಿದು ಬಿಸಾಕಿರುತ್ತಾರೆ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ನಾನು ಹಾಕಿದ್ದೇನೆ. ಸುತ್ತ ಡಬಲ್ ಸೈಡ್ ಟೇಪ್ ಹಾಕಿ, ಕೆಳ ಅಂಚನ್ನು ಮಾತ್ರ ತಗಡಿನ ಕಿಂಡಿಯೊಳಕ್ಕೆ ತೂರಿಸಿ. ಹಾಳೆಯ ಮೇಲೆ ಇಳಿದ ನೀರು ಮತ್ತೆ ಬಾಗಿಲೊಳಗೇ ಬೀಳಬೇಕು, ಹೊರಗೆ ಪ್ಯಾಡಿನ ಬುಡಕ್ಕಲ್ಲ. ತಳದ ಕಿಂಡಿಗಳಿಗೆ ಒಂದು ತಂತಿ ಆಡಿಸಿ, ಒಂದು ಚೊಂಬು ನೀರು ಸುರಿದು ನೋಡಿ.

ವಾಪಸ್ ಜೋಡಿಸುವುದು

ಪ್ಯಾಡನ್ನು ಮೇಲಿನ ಅಂಚಿನಿಂದ ಸಿಕ್ಕಿಸಿ. ಕ್ಲಿಪ್‌ಗಳ ಕಾಲು ತೂತಿನ ಎದುರಿಗೇ ಇದೆಯಾ ಅಂತ ಪಕ್ಕದಿಂದ ಬಗ್ಗಿ ನೋಡಿ, ಆಮೇಲೆ ಅಂಗೈಯಲ್ಲಿ ಒಂದೊಂದಾಗಿ ಗುದ್ದಿ. ಎಲ್ಲಾ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿಯೇ ಹಾಕಿ. ಒಂದನ್ನು ಪೂರ್ತಿ ಬಿಗಿದರೆ ಇನ್ನೊಂದರ ತೂತು ಆಚೆ ಸರಿಯುತ್ತದೆ.

ಹಳೆ ತೂತಿಗೆ ಸ್ಕ್ರೂ ಹಾಕುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಸ್ಕ್ರೂ ಇಟ್ಟು ಮೊದಲು ಉಲ್ಟಾ, ಅಂದರೆ ಬಿಚ್ಚುವ ಕಡೆಗೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ಟಕ್ ಅಂತ ಸ್ವಲ್ಪ ಕೆಳಗೆ ಬಿದ್ದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಹಳೆ ಥ್ರೆಡ್ ಶುರುವಾಗುವ ಜಾಗ ಅದೇ. ಅಲ್ಲಿಂದ ಬಿಗಿ ಮಾಡಿದರೆ ಸ್ಕ್ರೂ ಅದೇ ದಾರಿಯಲ್ಲಿ ಹೋಗುತ್ತದೆ, ಹೊಸ ಥ್ರೆಡ್ ಕೊರೆಯಲ್ಲ. ಇರುವುದೇ ಮುಕ್ಕಾಲು ಸುತ್ತಿನ ಥ್ರೆಡ್, ಅದನ್ನು ಪ್ರತಿಸಲ ಹೊಸದಾಗಿ ಕೆತ್ತಿದರೆ ಎಷ್ಟು ದಿನ ಬರುತ್ತದೆ? ಡ್ರಿಲ್ ಮೆಷಿನ್ನಿನಲ್ಲಿ ಬಿಗಿಯಲೇಬೇಡಿ. ಕೈಯಲ್ಲಿ ಬಿಗಿದು, ಸ್ಕ್ರೂ ತಲೆಯ ಕೆಳಗಿನ ಕಪ್ ವಾಶರ್ ರೆಕ್ಸಿನ್ನನ್ನು ಒತ್ತಿ ಹಿಡಿದ ಕೂಡಲೇ ನಿಲ್ಲಿಸಿ.

ಕೊನೆಯ ಬಿಗಿತಕ್ಕೆ ಮುಂಚೆ ಗ್ಲಾಸ್ ಹ್ಯಾಂಡಲ್ ಸಿಕ್ಕಿಸಿ, ಗ್ಲಾಸನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ. ಕಿವಿ ಪ್ಯಾಡಿನ ಹತ್ತಿರ ಇಡಿ. ಎಲ್ಲಾದರೂ ಉಜ್ಜಿದ ಸದ್ದು ಬಂದರೆ ಅಲ್ಲೇ ನಿಲ್ಲಿಸಿ, ಆ ಮಟ್ಟದ ಸ್ಕ್ರೂ ತೆಗೆದು ತುದಿ ಕತ್ತರಿಸಿ. ಒಳಗಿನ ಲಾಕ್ ಹಿಡಿ ಸಲೀಸಾಗಿ ಆಡುತ್ತಿದೆಯಾ ಅಂತ ಬಾಗಿಲು ತೆರೆದಿರುವಾಗಲೇ ನೋಡಿ. ಬಾಗಿಲು ಹಾಕಿ ನೋಡಲು ಹೋಗಿ ಒಳಗಿನಿಂದ ತೆಗೆಯೋಕೆ ಬರದೆ, ನಾನು ಕ್ಲೀನರ್ ಸೀಟು ದಾಟಿ ಆ ಕಡೆಯಿಂದ ಇಳಿದಿದ್ದೂ ಇದೆ.

ಒಂದು ವಾರ ಲೋಡ್ ಹೊಡೆದ ಮೇಲೆ ಎಲ್ಲಾ ಸ್ಕ್ರೂಗಳನ್ನೂ ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿ. ಒಂದೆರಡು ಕಾಲು ಸುತ್ತು ಕೇಳುತ್ತವೆ. ಉಳಿದ ಕ್ಲಿಪ್ಪು, ಸ್ಕ್ರೂಗಳನ್ನು ಒಂದು ಸಣ್ಣ ಕವರಿಗೆ ಹಾಕಿ ಟೂಲ್ ಬಾಕ್ಸಿನಲ್ಲಿಡಿ. ಇನ್ನೊಂದು ಬಾಗಿಲು ಬಾಕಿ ಇದೆಯಲ್ಲ.